ಉಳಿದ ಒಂದು ಗೂಡು

ಪುಟ್ಟೇನಹಳ್ಳಿ ಕೆರೆ ಪಕ್ಕದ ಹೊಂಗೆಮರವೊಂದರಲ್ಲಿ ಮಾತ್ರ, ಕೀಟಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಮೇಘಶ್ರೀಗೆ ಆ ಹುಳು ಸಿಕ್ಕಿತ್ತು. ಎಲೆಯೊಳಗೇ ಸುರಂಗ ಕೊರೆದು ತಿನ್ನುವ, ಅಕ್ಕಿಕಾಳಿಗಿಂತ ಸಣ್ಣ ಹುಳು. ಯಾವ ಜಾತಿಯೆಂದು ಹೇಳಲು ರೆಕ್ಕೆ ಬಂದ ಪತಂಗವೇ ಬೇಕು. ಮೂರು ವರ್ಷ ಸಾಕಿದವೆಲ್ಲ ಗೂಡಿನಲ್ಲೇ ಸತ್ತವು. ಮೊನ್ನೆ ಮರವನ್ನೂ ಕಡಿದರು. ಡಬ್ಬಿಯಲ್ಲಿ ಒಂದೇ ಗೂಡು ಉಳಿದಿತ್ತು.

ಇವತ್ತು ಬೆಳಿಗ್ಗೆ ಅದು ಒಡೆದಿತ್ತು. ಹೊರಬಂದದ್ದು ಪತಂಗವಲ್ಲ, ಹುಳುವನ್ನು ಒಳಗಿನಿಂದಲೇ ತಿಂದು ಬೆಳೆದ ಪುಟ್ಟ ಕಣಜದ ಹುಳ.

"ಸಾರ್, ಇದೂ ಹೋಯ್ತು," ಎಂದು ಗೈಡ್ ಚಿದಾನಂದ್‌ಗೆ ಫೋನ್ ಮಾಡಿದಳು.

"ಬೇರೆ ಮರ ನೋಡಮ್ಮ."

"ಸಾರಕ್ಕಿಯಿಂದ ಬನಶಂಕರಿವರೆಗೂ ನೋಡಿದೀನಿ ಸಾರ್. ಎಲ್ಲೂ ಇಲ್ಲ."

ಫೋನಿಟ್ಟವಳೇ ಕೆರೆಯತ್ತ ಓಡಿದಳು. ಕಡಿದ ಕೊಂಬೆಗಳ ರಾಶಿ ಅಲ್ಲೇ ಬಿದ್ದಿತ್ತು. ಮಂಡಿಯೂರಿ ಒಣಗಿದ ಎಲೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದಳು. ಸಂಜೆವರೆಗೆ ನೋಡಿದರೂ ಸುರಂಗಗಳೆಲ್ಲ ಖಾಲಿಯಾಗಿದ್ದವು.