ಅಡ್ಡ ಬರದ ಬೆಕ್ಕು

ಶ್ರೀಪತಿರಾಯರ ಕೋಪ ಮೂಗಿನ ತುದಿಯಲ್ಲಿರಲಿಲ್ಲ, ಹಣೆಯ ಎಡಗಡೆಯ ಒಂದು ನರದಲ್ಲಿತ್ತು. ಅದು ಉಬ್ಬಿತೆಂದರೆ ಹೆಂಡತಿ ರಾಜಲಕ್ಷ್ಮಿ ಲೋಟವನ್ನೂ ಸದ್ದಾಗದಂತೆ ಇಡುತ್ತಿದ್ದಳು.

ಕೇಂದ್ರ ಸರಕಾರದ ನೌಕರಿಯಲ್ಲಿ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾದ ಮೇಲೆ ಅದು ದಿನಾ ಉಬ್ಬತೊಡಗಿತು. ಬಸ್ಸು, ಕುಸುಬಲಕ್ಕಿ, ಕಚೇರಿಯ ವಿಶ್ವೇಶ್ವರ; ಕಾರಣಕ್ಕೆ ಬರವಿರಲಿಲ್ಲ. ಎಪ್ಪತ್ತೊಂದನೇ ಇಸವಿಯಲ್ಲಿ ಬಡ್ತಿಯ ಸರದಿ ಬಂದಾಗ ಕಚೇರಿಯ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿ, "ರಕ್ತದೊತ್ತಡ ನೂರ ಎಂಬತ್ತು. ಒಂದು ತಿಂಗಳು ಬಿಟ್ಟು ಬನ್ನಿ. ಆಗಲೂ ಹೀಗೇ ಇದ್ದರೆ ಸಹಿ ಹಾಕಲ್ಲ" ಎಂದರು. ಸಹಿ ಇಲ್ಲದಿದ್ದರೆ ಬಡ್ತಿ ವಿಶ್ವೇಶ್ವರನಿಗೆ. ಅದನ್ನು ಕೇಳಿಯೇ ಇನ್ನೂ ಹತ್ತು ಏರಿರಬೇಕು.

ಅದೇ ವಾರ ಮನೆಯೊಡತಿ ಭಾರ್ಗವಿಯಮ್ಮನ ಬೆಕ್ಕು ಚಕ್ಕಿ, ಮೂರು ಮರಿಗಳೊಂದಿಗೆ ಇವರ ಜಗಲಿಗೆ ಬಿಡಾರ ಬದಲಿಸಿತು. ರಾಯರು ಹೊರಟರೆ ಸಾಕು, ಗೇಟಿನ ಬಳಿ ಅಡ್ಡ ಹಾಯುವುದು. ಅಜ್ಜಿ ಹಾಕಿಕೊಟ್ಟ ಕಾನೂನಿನಂತೆ ರಾಯರು ಹಿಂದಿರುಗಿ, ಜಗಲಿಯ ಕುರ್ಚಿಯಲ್ಲಿ ಕೂತು, ನೀರು ಕುಡಿದು ಮತ್ತೆ ಹೊರಡಬೇಕು.

ಮೊದಲೆರಡು ದಿನ ಬೈದುಕೊಂಡೇ ಕೂತರು. ಚಕ್ಕಿ ಕಾಲೆತ್ತಿ ತೊಡೆ ನೆಕ್ಕಿಕೊಳ್ಳುತ್ತ, ಕೇಂದ್ರ ಸರಕಾರವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮರಿಗಳು ಅದರ ಬಾಲವನ್ನೇ ಶತ್ರುವೆಂದು ಹಿಡಿದು ಉರುಳುತ್ತಿದ್ದವು. ಮೂರನೇ ವಾರಕ್ಕೆ ಒಂದು ಲೋಟ ನೀರು ಕುಡಿಯಲು ರಾಯರಿಗೆ ಇಪ್ಪತ್ತು ನಿಮಿಷ ಬೇಕಾಯಿತು. ಹಣೆಯ ನರ ಹುಡುಕಿದರೂ ಸಿಗದಷ್ಟು ಮಲಗಿತ್ತು. ರಾಜಲಕ್ಷ್ಮಿ ಕಂಡಳು, ಬಾಯಿಬಿಡಲಿಲ್ಲ. ಹೇಳಿದ್ದರೆ ಹಠಕ್ಕೆ ಬಿದ್ದು ಹಿಂಬಾಗಿಲಿಂದ ಹೋಗುತ್ತಿದ್ದರು.

ಡಾಕ್ಟರು ಕರೆದ ಗುರುವಾರ ಬಂತು. ರಾಯರು ಗೇಟಿನವರೆಗೆ ಹೋದರು. ದಾರಿ ಖಾಲಿ. ಚಪ್ಪಲಿ ಸರಿಮಾಡಿಕೊಂಡರು. ಇನ್ನೂ ಖಾಲಿ. ನರ ಮೆಲ್ಲಗೆ ಎದ್ದಿತು.

"ಏನ್ರೀ ನಿಂತುಬಿಟ್ರಿ?"

"ಆ ದರಿದ್ರದ್ದು ಎಲ್ಲಿ ಸತ್ತಿದೆ?"

"ಬರದೇ ಇದ್ರೆ ಒಳ್ಳೇದಲ್ವಾ? ಶುಭಶಕುನ. ಹೊರಡಿ."

"ಹೊರಡ್ತೀನಿ ಬಿಡೇ, ನೀನೇನು ಹೇಳೋದು" ಎಂದು ಅಲ್ಲೇ ನಿಂತರು. ಮುಖ ಕೆಂಪೇರುತ್ತಿತ್ತು. ಕಾರಣವಿಲ್ಲದೆ ಬಂದು ಕೂರಲು ಮರ್ಯಾದೆ ಅಡ್ಡ.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದಂತೆ. ಇವತ್ತೇ ಆಗಬೇಕಿತ್ತೆ? ರಾಜಲಕ್ಷ್ಮಿ ಹಿತ್ತಲಿಗೆ ಓಡಿದಳು. ಚಕ್ಕಿಯ ಸಂಸಾರ ಸೌದೆ ಕೊಟ್ಟಿಗೆಯಲ್ಲಿತ್ತು. ಭಾರ್ಗವಿಯಮ್ಮ ಮೀನು ಕೊಯ್ಯುತ್ತಿದ್ದರು.

"ಚೇಚಿ, ಒಂದು ಮೀನು ಕೊಡಿ."

ಭಾರ್ಗವಿಯಮ್ಮನ ಕತ್ತಿ ನಿಂತಿತು. "ಅಯ್ಯೋ, ಸಾರ್ ಮೀನು ತಿನ್ನಲು ಶುರುಮಾಡಿದರೇ?"

"ಅವರಿಗಲ್ಲ, ಅವರ ಡಾಕ್ಟರಿಗೆ."

ಕೈಯಲ್ಲಿ ಮುಟ್ಟುವಂತಿಲ್ಲ. ಅಡುಗೆಮನೆಯ ಇಕ್ಕಳದಲ್ಲಿ ಮತ್ತಿ ಮೀನಿನ ಬಾಲ ಹಿಡಿದು, ಮುಖ ಅತ್ತ ತಿರುಗಿಸಿ, ಗೋಡೆಯ ಮರೆಯಲ್ಲೇ ಗೇಟಿನವರೆಗೆ ನಡೆದಳು. ಹಿಂದೆ ಚಕ್ಕಿ, ಅದರ ಹಿಂದೆ ಮೂರು ಮರಿ. ರಾಯರ ಕಣ್ಣು ಬೀದಿಯತ್ತ ಇದ್ದಾಗ ಮೀನನ್ನು ಜಗಲಿಯ ಕಡೆಗೆ ಎಸೆದಳು. ಇಡೀ ದಿಬ್ಬಣ ರಾಯರ ಕಾಲ ಮುಂದೆಯೇ ಅಡ್ಡ ಹಾಯಿತು.

"ಥೂ, ಅಪಶಕುನ" ಎಂದರು ರಾಯರು, ಮದುವೆಯ ಕರೆ ಬಂದವರಂತೆ ಅರಳಿ. "ಲೇ, ನೀರು ತಾ."

ಅರ್ಧ ಗಂಟೆ ಕೂತರು. ಚಕ್ಕಿ ತಿಂದು, ಮೀಸೆ ಒರೆಸಿ, ಮಲಗುವವರೆಗೂ.

ಸಂಜೆ ಬಂದವರ ನಡಿಗೆಯಲ್ಲೇ ಸುದ್ದಿಯಿತ್ತು. "ನೂರ ಮೂವತ್ತೆಂಟು. ಸಹಿ ಆಯ್ತು. ಬೆಕ್ಕು ಅಡ್ಡ ಬಂದ್ರೂ ಕೆಲಸ ಆಯ್ತು ನೋಡು. ನನ್ನ ಜಾತಕ ಅಷ್ಟು ಗಟ್ಟಿ."

"ಹೌದು, ಹೌದು" ಎಂದಳು ರಾಜಲಕ್ಷ್ಮಿ. ಆಗಷ್ಟೇ ಹುಣಸೇಹಣ್ಣು ಹಾಕಿ ನಾಲ್ಕನೇ ಸಲ ಉಜ್ಜಿದ್ದ ಇಕ್ಕಳದಿಂದ ಕಾಫಿಯ ಹಾಲನ್ನು ಇಳಿಸಿದಳು.