ದೇವರಾಗಲು ಒಲ್ಲೆನೆಂದವಳು

ನನ್ನ ತಂಗಿ ಹುಲಿಗಿ ಮಂಗಳವಾರ ದೇವರಾಗುವುದೆಂದು ನಿಶ್ಚಯವಾಗಿತ್ತು.

ಶಾಲೆಯ ಹಾಜರಿಯಲ್ಲಿ ಅವಳು ಹುಲಿಗೆಪ್ಪ, ಒಂಬತ್ತನೆಯ ತರಗತಿಯ ಹುಡುಗ. ತಾನು ಹುಡುಗಿ ಎಂಬುದು ಬುದ್ಧಿ ಬಂದಾಗಿನಿಂದ ಅವಳಿಗೆ ಗೊತ್ತು, ನನಗೂ ಗೊತ್ತು. ಎರಡು ಜಡೆ ಹಾಕಿಕೊಂಡು ಹುಡುಗಿಯರ ಬೆಂಚಿನಲ್ಲಿ ಕೂತ ದಿನ ಹೆಡ್‌ಮಾಸ್ತರರು, ಸರಿಯಾದ ಮೇಲೆ ಬಾ ಎಂದು ಮನೆಗೆ ಕಳಿಸಿದರು. ಅಪ್ಪ ಬೆಲ್ಟು ಬಿಚ್ಚಿ ಹೊಡೆದ. ಅವ್ವ ಅವನ ಕೈ ಹಿಡಿದಳು.

"ಹೊಡೀಬ್ಯಾಡ. ಹುಲಿಗೆಮ್ಮ ಬಂದಾಳ ಇದರ ಮೈಮ್ಯಾಲ. ಮುತ್ತು ಕಟ್ಟಿಸೂಣು."

ದೇವಿಯ ಮುತ್ತಿನ ಸರ ಕಟ್ಟಿಸಿಕೊಂಡರೆ ಜೋಗಪ್ಪ, ದೇವಿಯೇ ಮೈದುಂಬಿದವಳು. ಸೀರೆ ಉಡಬಹುದು, ಯಾರೂ ಹೊಡೆಯುವುದಿಲ್ಲ. ಆದರೆ ಶಾಲೆ ಮುಗಿಯಿತು. ದೇವಿಯ ಬುಟ್ಟಿ ಹೊತ್ತು ಅಂಗಡಿ ಅಂಗಡಿ ಬೇಡುತ್ತ ತಿರುಗಬೇಕು.

ಊರು ಬಿಟ್ಟು ದುಡಿಯಲು ಬಂದ ಕನ್ನಡದವರೇ ತುಂಬಿದ, ಮೋತಿ ಡೊಂಗರ್ ಗುಡ್ಡದ ನಮ್ಮ ಓಣಿ ಒಂದೇ ದಿನದಲ್ಲಿ ಬದಲಾಯಿತು. ಅವಳ ನಡಿಗೆ ನೋಡಿ ಚಪ್ಪಾಳೆ ತಟ್ಟುತ್ತಿದ್ದ ಗೌಂಡಿ ಖೀರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕಾಯಿ ಇಟ್ಟ. ಅಪ್ಪನೂ ಅವಳ ಕಾಲು ಹಿಡಿದ. ನಾನು ಬೆರಗಾಗಿ ನಿಂತೆ. ಹುಡುಗಿಗೆ ಒಂದು ಗೇಣು ಬೆಂಚು ಕೊಡದ ಜನ ದೇವಿಗೆ ಇಡೀ ಮನೆ ಬಿಟ್ಟುಕೊಟ್ಟಿದ್ದರು.

"ಅಪ್ಪಾ, ಕಾಲ ಬಿಡ. ಗುರುವಾರ ಗಣಿತ ಪರೀಕ್ಷಾ ಐತಿ ನನಗ."

"ದೇವರಿಗೆಂಥಾ ಪರೀಕ್ಷಾ ಬೇ ತಾಯಿ," ಎಂದ ಖೀರಪ್ಪ.

ಮಂಗಳವಾರ ಸಾವರ್ಡೆಯಿಂದ ರೈಲಿನಲ್ಲಿ ಲಕ್ಷ್ಮವ್ವ ಬಂದಳು. ನಲವತ್ತು ವರ್ಷದ ಹಿಂದೆ ಮುತ್ತು ಕಟ್ಟಿಸಿಕೊಂಡ ಹಿರಿಯ ಜೋಗಪ್ಪ. ಸರ ಕೈಗೆತ್ತಿಕೊಂಡವಳು ಹುಲಿಗಿಯ ಮುಖ ನೋಡಿ ತಡೆದಳು.

"ನಿನಗ ಬೇಕೇನವ್ವ ಇದು?"

"ಬ್ಯಾಡ. ನಾ ದೇವರಲ್ಲ. ಒಂಬತ್ತನೇತ್ತೆ. ನನಗ ಸಾಲಿ ಬೇಕು."

ಲಕ್ಷ್ಮವ್ವ ಸರವನ್ನು ಬುಟ್ಟಿಯೊಳಗೆ ಹಾಕಿದಳು.

"ದೇವಿ ಸಿಟ್ಟಾಗ್ತಾಳ," ಅವ್ವ ಬುಟ್ಟಿಗೆ ಕೈಜೋಡಿಸಿದಳು.

"ಆಕಿ ಸಿಟ್ಟನ್ನ ನಾ ನೋಡ್ಕೋತೀನಿ, ಸತ್ಯವ್ವ. ನನಗಂತೂ ಯಾರೂ ಹಿಂಗ ಕೇಳಿದ್ದಿಲ್ಲ. ನಾಳೆ ಸಾಲಿಗೆ ಹೋಗೂಣ ನಡೀರಿ."

ಮರುದಿನ ಐವರೂ ಹೋದೆವು. ಲಕ್ಷ್ಮವ್ವನ ಹಣೆಯ ಮೇಲಿನ ಅರಿಸಿನದ ಭಂಡಾರ ಕಂಡು ಹೆಡ್‌ಮಾಸ್ತರರು ಎದ್ದು ನಿಂತು ಕೈಮುಗಿದರು. ಅವರೂ ಹುಲಿಗೆಮ್ಮನಿಗೆ ನಡೆದುಕೊಳ್ಳುವ ನಮ್ಮ ಕಡೆಯವರೇ.

"ನನಗ ಕೈ ಮುಗೀತೀರಿ. ಇಕಿನ್ನ ಹೊರಗ ಹಾಕ್ತೀರಿ. ನಾವಿಬ್ಬರೂ ಒಂದೇ ಅದೀವ್ರಿ ಸರ. ನಾನೂ ಮೂರನೇತ್ತೆದಾಗ ಇಂಥಾ ಬಾಗಲದಿಂದನ ಹೊರಗ ಬಿದ್ದಾಕಿ."

ಹೆಡ್‌ಮಾಸ್ತರರ ಮುಗಿದ ಕೈಗಳು ಕೆಳಗಿಳಿದವು.

"ಹೆಸರು ಬದಲಿ ಮಾಡಾಕ ಕಾಗದಪತ್ರ ಬೇಕಾಗ್ತಾವು."

"ಕಾಗದ ಬರೂತನಕ ಕೂಸು ಎಲ್ಲಿ ಕುಂಡರಬೇಕ್ರಿ?"

ಹೆಡ್‌ಮಾಸ್ತರರು ತಾವೇ ಮುಂದೆ ನಡೆದು ಒಂಬತ್ತನೆಯ ತರಗತಿಯ ಬಾಗಿಲು ತೆರೆದರು.

ಹುಲಿಗಿ ಹುಡುಗಿಯರ ಸಾಲಿನ ಹತ್ತಿರ ನಿಂತಳು. ಎರಡನೆಯ ಬೆಂಚಿನ ಮುಬಶ್ಶಿರಾ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕುಂಡರು. ನೋಟ್ಸ್ ಮಾತ್ರ ಕೇಳಬ್ಯಾಡ. ನನ್ನ ಅಕ್ಷರ ನನಗ ತಿಳ್ಯಾಂಗಿಲ್ಲ."

ತರಗತಿ ನಕ್ಕಿತು. ಹುಲಿಗಿಯೂ ನಕ್ಕು ಕೂತಳು, ಪುಸ್ತಕ ತೆಗೆದಳು. ಅಷ್ಟೇ. ಅಪ್ಪ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. ಗುಡಿಯ ಮುಂದೆಯೂ ಅವನು ಅಷ್ಟು ಹೊತ್ತು ನಿಂತದ್ದನ್ನು ನಾನು ಕಂಡಿಲ್ಲ.