ಕ್ಯಾಮೆರಾ ಹಿಡಿದ ಕೈ

"ಏನೇ ರಿಮ್ಮಾ, ಒಳಗೇನು ಹೆರಿಗೆ ಆಗ್ತಿದೆಯಾ?" ಪಕ್ಕದ ಕೋಣೆಯ ಕ್ಲಾವ್ದಿಯಾ ಅಜ್ಜಿ ಬಚ್ಚಲ ಬಾಗಿಲು ಬಡಿದಳು. "ನನ್ನ ಬಟ್ಟೆ ನೆನೆದೂ ನೆನೆದೂ ಗಂಜಿಯಾಯ್ತು. ಬಚ್ಚಲು ಐದು ಸಂಸಾರದ್ದು ಕಣೇ, ನಿಮ್ಮಪ್ಪನ ಆಸ್ತಿಯಲ್ಲ!"

"ಇವತ್ತು ನಮ್ಮ ಸರದಿ, ಅಜ್ಜಿ. ಈಗ ಬಾಗಿಲು ತೆಗೆದ್ರೆ ಬೆಳಕು ಬಿದ್ದು ಎಲ್ಲಾ ಹಾಳಾಗುತ್ತೆ."

ಹೇಳಿದ್ದು ಸುಳ್ಳು. ಕತ್ತಲೆಯಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಹತ್ತು ಮೀಟರ್ ಉದ್ದದ ಸಿನಿಮಾ ಫಿಲ್ಮು ಮೊದಲ ಡೆವಲಪರಿನಲ್ಲಿ ಮುಳುಗೆದ್ದು, ಬಿಳುಪಿನ ದ್ರಾವಣದಲ್ಲಿ ತೊಳೆಸಿಕೊಂಡು, ಸುರುಳಿಗೆ ಸುತ್ತಿಕೊಂಡಂತೆಯೇ ಬಲ್ಬಿನ ಕೆಳಗೆ ಕೂತಿತ್ತು. ಈ ಹಂತದಲ್ಲಿ ಅದಕ್ಕೆ ಬೆಳಕು ಉಣಿಸಬೇಕು. ಚಿತ್ರ ಹಾಲಿನ ಕೆನೆಯ ಹಾಗೆ ಮಸುಕಾಗಿ ಕಾಣುತ್ತದೆ. ಎರಡನೆಯ ಡೆವಲಪರಿಗೆ ಹಾಕಿದರೆ ಕಪ್ಪು ಹಿಡಿದು ಗಟ್ಟಿಯಾಗುತ್ತದೆ. ಹಾಗೆ ಮಾಡದೆ ನೇರ ಹೈಪೋ ದ್ರಾವಣಕ್ಕೆ ಹಾಕಿದರೆ ಇದ್ದದ್ದೂ ಕರಗಿ, ಗಾಜಿನಂಥ ಖಾಲಿ ಪಟ್ಟಿ ಉಳಿಯುತ್ತದೆ. ಎರಡೂ ಬಾಟಲಿಗಳು ರಿಮ್ಮಾಳ ಕಾಲ ಬಳಿಯೇ ಇದ್ದವು.

ಅರ್ಕಾದಿ ಚಿತ್ರ ಹಿಡಿಯುವವನು, ರಿಮ್ಮಾ ತೊಳೆಯುವವಳು. ಮದುವೆಯಾದಾಗಿನಿಂದ ಸಂಸಾರ ಹೀಗೇ ನಡೆದಿತ್ತು. ಅವನ ಅಂಗೈ ಬೆವರುತ್ತದೆ; ಕತ್ತಲೆಯಲ್ಲಿ ಅಷ್ಟುದ್ದದ ಫಿಲ್ಮನ್ನು ಒಂದು ಸುತ್ತು ಇನ್ನೊಂದಕ್ಕೆ ಅಂಟದ ಹಾಗೆ ಸುರುಳಿಗೆ ಸೇರಿಸುವ ತಾಳ್ಮೆ ಅವನಿಗಿಲ್ಲ. ಆದರೆ ಕ್ಯಾಮೆರಾ ಮಾತ್ರ ಅವನದೇ. ಮಗಳು ಲೀದಾಳ ಹುಟ್ಟುಹಬ್ಬಕ್ಕೆ ಒಮ್ಮೆ ರಿಮ್ಮಾ ಕೈಚಾಚಿದಾಗ, "ಲೆನ್ಸಿಗೆ ಬೆರಳು ತಾಗಿಸ್ತೀಯಾ, ಬಿಡು" ಎಂದು ಕ್ಯಾಮೆರಾವನ್ನು ಕೂಸಿನಂತೆ ಎತ್ತಿಕೊಂಡಿದ್ದ. ಹೀಗಾಗಿ ಮನೆಯ ಅಷ್ಟೂ ಫಿಲ್ಮುಗಳಲ್ಲಿ ಹೆಂಡತಿ ಇದ್ದಾಳೆ, ಮಗಳಿದ್ದಾಳೆ, ಅಜ್ಜಿಯ ಬೆಕ್ಕು ಕೂಡ ಇದೆ. ಅರ್ಕಾದಿ ಎಲ್ಲೂ ಇಲ್ಲ. ಬಡಗಿಯ ಮನೆಗೆ ಬಾಗಿಲಿಲ್ಲ ಎಂದು ರಿಮ್ಮಾ ನಗುತ್ತಿದ್ದಳು.

ಈ ಸಲದ್ದು ಚುಸೋವಯಾ ನದಿಯ ಫಿಲ್ಮು. ಕಾರ್ಖಾನೆಯ ಗೆಳೆಯರೆಲ್ಲ ಸೇರಿ ದೋಣಿ ಕಟ್ಟಿಕೊಂಡು ಹೋಗಿದ್ದರು. ಲೀದಾಳಿಗೆ ಕೆಮ್ಮು, ರಿಮ್ಮಾ ಹೋಗಲಿಲ್ಲ. ಈ ಫಿಲ್ಮನ್ನು ಕ್ಯಾಮೆರಾದಲ್ಲಿ ಎರಡು ಸಲ ಓಡಿಸುತ್ತಾರೆ, ಮೊದಲು ಒಂದು ಅಂಚಿಗೆ, ಆಮೇಲೆ ತಿರುವಿಹಾಕಿ ಇನ್ನೊಂದು ಅಂಚಿಗೆ. ಒಣಗಿಸಿ ಉದ್ದಕ್ಕೆ ಸೀಳುವವರೆಗೆ ಎರಡು ಸಾಲೂ ಅಕ್ಕಪಕ್ಕ ಇರುತ್ತವೆ, ಒಂದು ನೇರ, ಒಂದು ತಲೆಕೆಳಗು. ಹೊರಗಿನ ಒಂದೆರಡು ಸುತ್ತು ಬಿಡಿಸಿ ರಿಮ್ಮಾ ಭೂತಗನ್ನಡಿ ಹಿಡಿದಳು. ನೇರ ಸಾಲಿನಲ್ಲಿ ಬಂಡೆ, ಪೈನ್ ಮರ, ಬೆಂಕಿಯ ಮೇಲಿನ ಪಾತ್ರೆ. ಗಂಡನ ಕೈಕೆಲಸವೆಂದು ಕಣ್ಣುಮುಚ್ಚಿ ಹೇಳಬಹುದಿತ್ತು. ಫಿಲ್ಮನ್ನು ತಿರುಗಿಸಿ ಇನ್ನೊಂದು ಸಾಲು ನೋಡಿದಳು. ಅರ್ಕಾದಿ ಹುಟ್ಟು ಹಾಕುತ್ತಿದ್ದಾನೆ. ಅರ್ಕಾದಿ ಚಹಾ ಕುಡಿಯುತ್ತಿದ್ದಾನೆ. ಅರ್ಕಾದಿ ಒದ್ದೆ ತಲೆಯಲ್ಲಿ ನಿಂತು, ಎದುರಿಗಿದ್ದವರನ್ನು ನೋಡಿ ನಗುತ್ತಿದ್ದಾನೆ. ಚೌಕದಿಂದ ಚೌಕಕ್ಕೆ ಅದೇ ನಗು.

ಅವಳಿಗೆ ಹೊಟ್ಟೆ ಉರಿಯಿತು. ಯಾರನ್ನಾದರೂ ಅಪ್ಪಿಕೊಂಡು ನಿಂತಿದ್ದರೆ ರಂಪ ಮಾಡಬಹುದಿತ್ತು, ತವರಿಗೆ ಹೋಗಬಹುದಿತ್ತು. ಇಲ್ಲಿ ಹಾಗೇನೂ ಇಲ್ಲ. ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದಾನೆ, ಅಷ್ಟೆ. ಕೊಟ್ಟು, ಮನೆಗೆ ಬಂದು, ನೀನೇ ತೊಳೆ ಎಂದು ಇವಳಿಗೇ ಒಪ್ಪಿಸಿದ್ದಾನೆ. ಬಚ್ಚಿಟ್ಟಿದ್ದರಾದರೂ ಹೆಂಡತಿಯ ನೆನಪು ಒಂದು ಗಳಿಗೆ ಬಂದಿತ್ತು ಎಂದಾಗುತ್ತಿತ್ತು.

ಹೈಪೋ ಬಾಟಲಿಯ ಮುಚ್ಚಳ ತೆಗೆದಳು. ವಾಸನೆ ಮೂಗಿಗೆ ಬಂತು. ಮದ್ದು ಕೆಟ್ಟಿತ್ತು ಎಂದರೆ ಸಾಕು, ಅರ್ಕಾದಿ ನಂಬುತ್ತಾನೆ. ಆದರೆ ಉರಿಯುವ ಹೊಟ್ಟೆಗೆ ಸುಡುವುದಕ್ಕಿಂತ ನೋಡುವ ಚಪಲವೇ ಹೆಚ್ಚು. ಪೂರ್ತಿ ನೋಡದೆ ಅವಳಿಗೆ ಇನ್ನು ನಿದ್ದೆ ಬರುವಂತಿರಲಿಲ್ಲ. ಮುಚ್ಚಳ ಹಾಕಿ ಇನ್ನೊಂದು ಬಾಟಲಿ ಎತ್ತಿಕೊಂಡಳು.

ಫಿಲ್ಮು ಅಡುಗೆಮನೆಯ ಹಗ್ಗದ ಮೇಲೆ ಅಜ್ಜಿಯ ಲಂಗಗಳ ಪಕ್ಕದಲ್ಲಿ ಒಣಗಿತು. ರಿಮ್ಮಾ ಅದನ್ನು ಸೀಳಿ, ಎರಡು ತುಂಡನ್ನೂ ಒಂದರ ಹಿಂದೊಂದು ಅಂಟಿಸಿದಳು. ಭಾನುವಾರ ಊಟವಾದ ಮೇಲೆ ಅರ್ಕಾದಿ ಕಿಟಕಿಯ ಪರದೆ ಎಳೆದು ಪ್ರೊಜೆಕ್ಟರು ಹಚ್ಚಿದ. ಕರೆಯದಿದ್ದರೂ ಅಜ್ಜಿ ಸ್ಟೂಲು ಹೊತ್ತುಕೊಂಡು ಬಂದಳು.

ನದಿ ಹರಿಯಿತು, ಬಂಡೆಗಳು ಸರಿದವು. ಲೀದಾ ಆಕಳಿಸಿದಳು. ಆಮೇಲೆ ಗೋಡೆಯ ತುಂಬ ಅರ್ಕಾದಿ ಬಂದ. ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಮುಚ್ಚಿಕೊಳ್ಳುವ, ಕಟ್ಟಿಸಿಕೊಂಡ ಉಕ್ಕಿನ ಹಲ್ಲು ಹೊಳೆಯುವಷ್ಟು ಬಾಯಿ ತೆರೆದು ನಕ್ಕ. ಅವನ ಕಾಲ ಮುಂದಿನ ಮರಳಿನ ಮೇಲೆ, ಮೊಣಕೈ ಎತ್ತಿ ನಿಂತ ಹೆಂಗಸಿನ ನೆರಳಿತ್ತು. ನೆರಳು ಅವನ ಮೊಣಕಾಲವರೆಗೂ ಮುಟ್ಟಿತ್ತು.

"ಅಯ್ಯೋ, ನಿನ್ನ ಗಂಡ ಎಷ್ಟು ಚೆನ್ನಾಗಿ ನಗ್ತಾನಲ್ಲೇ!" ಅಜ್ಜಿ ಬೆರಗಾದಳು. "ಇಷ್ಟು ವರ್ಷದಿಂದ ಒಂದೇ ಸೂರಿನಡಿ ಇದ್ದೀನಿ, ಒಂದು ದಿನ ನೋಡಿಲ್ಲ."

"ನಾನೂ ನೋಡಿಲ್ಲ ಅಜ್ಜಿ," ಎಂದಳು ರಿಮ್ಮಾ. "ಅರ್ಕಾದಿ, ಯಾರು ಹಿಡಿದಿದ್ದು?"

"ಯಾರೋ... ತೋಸ್ಯಾ. ನಕ್ಷೆ ವಿಭಾಗದಲ್ಲಿದ್ದಾಳೆ. ತುಂಬಾ ಕೇಳಿದಳು, ಕೊಟ್ಟೆ."

"ಅವಳ ಬೆರಳು ಲೆನ್ಸಿಗೆ ತಾಗ್ಲಿಲ್ವಾ?"

ಅರ್ಕಾದಿ ಪ್ರೊಜೆಕ್ಟರಿನ ತಿರುಪು ಸರಿಮಾಡತೊಡಗಿದ. ಸರಿಮಾಡಲು ಅಲ್ಲೇನೂ ಇರಲಿಲ್ಲ. ಅಜ್ಜಿ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತಿಳಿದು, "ಬಾರೇ ಲೀದಾ, ಜಾಮ್ ಕೊಡ್ತೀನಿ" ಎಂದು ಹುಡುಗಿಯನ್ನು ಎಬ್ಬಿಸಿಕೊಂಡು ಹೋದಳು.

ರಿಮ್ಮಾ ಪರದೆ ಸರಿಸಿದಳು. ಮಧ್ಯಾಹ್ನದ ಬಿಸಿಲು ಕೋಣೆಗೆ ಬಿತ್ತು.

"ಕ್ಯಾಮೆರಾ ಕೊಡು."

"ಯಾಕೆ? ಈಗ ತಾನೇ ಹೊಸ ಫಿಲ್ಮು ಹಾಕಿದ್ದೀನಿ. ಸುಮ್ನೆ ಹಾಳಾಗುತ್ತೆ."

"ಆಗ್ಲಿ ಬಿಡು. ತೊಳೆಯೋಳು ನಾನೇ ತಾನೆ."

ಅವನು ಕೊಟ್ಟ. ಅದು ಅವಳು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಸ್ಪ್ರಿಂಗಿನ ಕೀಲಿ ತಿರುಗಿಸಿ ಕಣ್ಣಿಗೆ ಹಿಡಿದಳು. ಪುಟ್ಟ ಕಿಂಡಿಯೊಳಗೆ ಅರ್ಕಾದಿ ಗೋಡೆಗೆ ಬೆನ್ನಿಟ್ಟು, ಕೈಗಳನ್ನು ತೊಡೆಗೆ ಅಂಟಿಸಿ, ಪಾಸ್‌ಪೋರ್ಟಿನ ಫೋಟೋಕ್ಕೆ ನಿಂತವನಂತೆ ನಿಂತ.

"ನಗು," ಎಂದಳು.

ಅವನು ತುಟಿ ಅಗಲಿಸಿದ. ಕಣ್ಣು ಮಾತ್ರ ಅವಳ ಬೆರಳಿನ ಮೇಲೆಯೇ ಇತ್ತು. ರಿಮ್ಮಾ ಗುಂಡಿ ಒತ್ತಿದಳು. ಸ್ಪ್ರಿಂಗು ಪೂರ್ತಿ ಸಡಿಲವಾಗಿ ಕ್ಯಾಮೆರಾ ತಾನಾಗಿಯೇ ನಿಲ್ಲುವವರೆಗೂ ಒತ್ತಿಯೇ ಇದ್ದಳು.